ಪದ ಪರಿಚಯ: ಏಕೀಕರಣ

ದಾವಣಗೆರೆಯಲ್ಲಿ ರಸ್ತೆ ಬದಿಯ ಕಾಮಗಾರಿ ಫಲಕಗಳನ್ನು ನೋಡಿರುತ್ತೀರಿ. ‘ರಸ್ತೆ ಡಾಂಬರೀಕರಣ’ ಅಂತ ಬರೆದಿರುತ್ತದೆ. ಡಾಂಬರು ಇಲ್ಲದ ಕಡೆ ಡಾಂಬರು ಹಾಕುವ ಕೆಲಸ. ‘ಏಕೀಕರಣ’ ಪದದ ಬಾಲವೂ ಅದೇ. ಒಂದಾಗಿರದೆ ಇದ್ದದ್ದನ್ನು ಒಂದು ಮಾಡುವುದು. ಏಕತೆ ಅನ್ನುವುದು ಸ್ಥಿತಿ, ಏಕೀಕರಣ ಅನ್ನುವುದು ಕೆಲಸ. ಕೆಲಸ ಅಂದಮೇಲೆ ಮಾಡುವವರು ಬೇಕು, ಅಲ್ವಾ?

ಈ ಪದ ಅರ್ಥವಾಗಬೇಕಾದರೆ ಹರಿಹರದ ತುಂಗಭದ್ರಾ ಸೇತುವೆ ಮೇಲೆ ನಿಲ್ಲಬೇಕು. 1956ರಲ್ಲಿ ಕನ್ನಡ ಮಾತಾಡುವ ಪ್ರದೇಶಗಳು ಒಂದೇ ರಾಜ್ಯವಾಗುವ ಮುಂಚೆ ಹರಿಹರ ಮೈಸೂರಿನದು. ಹೊಳೆ ದಾಟಿ ರಾಣೆಬೆನ್ನೂರಿನ ದಾರಿ ಹಿಡಿದರೆ ಮುಂಬೈಯವರ ಆಡಳಿತ. ಪಕ್ಕದ ಹರಪನಹಳ್ಳಿ ಬಳ್ಳಾರಿ ಜಿಲ್ಲೆಗೆ ಸೇರಿತ್ತು, ಅಂದರೆ 1953ರ ತನಕ ಮದ್ರಾಸಿನದು. ಮೂರೂ ಕಡೆ ಮಾತು ಕನ್ನಡವೇ. ಕಚೇರಿ, ಕಾನೂನು, ಕಂದಾಯ ಮಾತ್ರ ಬೇರೆ ಬೇರೆ.

ಎಸ್. ನಿಜಲಿಂಗಪ್ಪನವರು 1902ರಲ್ಲಿ ಹುಟ್ಟಿದ್ದು ಹರಪನಹಳ್ಳಿ ತಾಲೂಕಿನ ಹಲುವಾಗಲಿನಲ್ಲಿ. ವಕೀಲಿ ಮಾಡಿದ್ದು ಚಿತ್ರದುರ್ಗದಲ್ಲಿ. ಹುಟ್ಟೂರು ಮದ್ರಾಸ್ ಪ್ರಾಂತ್ಯದಲ್ಲಿ, ದುಡಿಮೆ ಮೈಸೂರು ಸಂಸ್ಥಾನದಲ್ಲಿ. ಗಡಿ ಅನ್ನುವುದು ಅವರಿಗೆ ನಕಾಶೆಯ ಗೆರೆಯಷ್ಟೇ ಆಗಿರಲಿಲ್ಲ. 1956ರ ನವೆಂಬರ್ 1ರಂದು ಒಂದಾದ ರಾಜ್ಯಕ್ಕೆ ಅವರೇ ಮೊದಲ ಮುಖ್ಯಮಂತ್ರಿ.

ನಾಯಕರ ಕೆಲಸ ಅಂದರೆ ಭಾಷಣ ಅಂತ ನಾವು ಅಂದುಕೊಳ್ಳುತ್ತೇವೆ. ನನಗೆ ಹಾಗನ್ನಿಸುವುದಿಲ್ಲ. ಒಂದಾಗಬೇಕು ಅನ್ನುವವರ ಮುಂದೆ ಒಗ್ಗಟ್ಟಿನ ಮಾತಾಡುವುದು ಸುಲಭ. ಬೇಡ ಅನ್ನುವ ನಮ್ಮವರನ್ನೇ ಒಪ್ಪಿಸುವುದು ಕಷ್ಟ. ಹಳೆ ಮೈಸೂರಿನಲ್ಲಿ ಬೇಡ ಅನ್ನುವವರು ಜಾಸ್ತಿಯೇ ಇದ್ದರು. ನಾವು ಕಟ್ಟಿಕೊಂಡ ಅಣೆಕಟ್ಟು, ಕಾರ್ಖಾನೆಗಳ ಫಲ ಹಂಚಿಹೋಗುತ್ತದೆ, ರಾಜಕೀಯದಲ್ಲಿ ನಮ್ಮ ಜಾತಿಯ ತೂಕ ಕಡಿಮೆಯಾಗುತ್ತದೆ ಅನ್ನುವ ಭಯ. ಅದನ್ನು ಸಣ್ಣತನ ಅಂತ ಸುಮ್ನೆ ತಳ್ಳಿಹಾಕುವುದು ಸರಿಯಲ್ಲ. ಆಗ ಮೈಸೂರಿನ ಮುಖ್ಯಮಂತ್ರಿಯಾಗಿದ್ದವರು ಕೆಂಗಲ್ ಹನುಮಂತಯ್ಯ. ತಮ್ಮ ಕಡೆಯ ಎಷ್ಟೋ ಮುಖಂಡರು ವಿರೋಧಿಸಿದರೂ ಅವರು ಏಕೀಕರಣದ ಪರ ನಿಂತರು. ಹೊಸ ರಾಜ್ಯ ಹುಟ್ಟಿದ ದಿನ ಆ ಕುರ್ಚಿಯಲ್ಲಿ ಅವರಿರಲಿಲ್ಲ. ಈ ಕಥೆಯಲ್ಲಿ ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಅವರ ಹತ್ತಿರವೇ.

ದೂರದ ದೇಶದಲ್ಲೂ ಇದೇ ಕಾಣುತ್ತದೆ. 1995ರ ಜೂನ್ 24ರಂದು ಜೊಹಾನ್ಸ್‌ಬರ್ಗ್‌ನಲ್ಲಿ ರಗ್ಬಿ ವಿಶ್ವಕಪ್ ಫೈನಲ್. ನೆಲ್ಸನ್ ಮಂಡೇಲಾ ದಕ್ಷಿಣ ಆಫ್ರಿಕಾ ತಂಡದ ಹಸಿರು ಜೆರ್ಸಿ ತೊಟ್ಟು ಮೈದಾನಕ್ಕೆ ಬಂದರು. ಬೆನ್ನಿನ ಮೇಲೆ ನಾಯಕನ 6ನೇ ನಂಬರ್. ಎಷ್ಟೋ ಕರಿಯರಿಗೆ ಆ ಜೆರ್ಸಿ ಅಂದರೆ ಬಿಳಿಯರ ದಬ್ಬಾಳಿಕೆಯ ಗುರುತು. 27 ವರ್ಷ ಸೆರೆಯಲ್ಲಿದ್ದ ಮನುಷ್ಯನೇ ಅದನ್ನು ತೊಟ್ಟಾಗ ಅದು ಇಬ್ಬರದೂ ಆಯಿತು.

‘ವಿಲೀನ’ ಅನ್ನುವ ಪದವನ್ನೂ ಇದರ ಜೊತೆ ಬೆರೆಸುತ್ತಾರೆ. ಸರ್ದಾರ್ ಪಟೇಲರ ಕಾಲದಲ್ಲಿ 500ಕ್ಕೂ ಹೆಚ್ಚು ಸಂಸ್ಥಾನಗಳು ಭಾರತಕ್ಕೆ ಸೇರಿದ್ದನ್ನು ವಿಲೀನ ಅನ್ನುತ್ತೇವೆ. ವಿಲೀನವಾದದ್ದು ಕರಗಿಹೋಗುತ್ತದೆ. ಏಕೀಕರಣದಲ್ಲಿ ಕರಗಲೇಬೇಕು ಅಂತಿಲ್ಲ. ಹರಿಹರೇಶ್ವರನ ಮೂರ್ತಿ ನೋಡಿ: ಒಂದೇ ಮೈ, ಅರ್ಧ ಹರ, ಅರ್ಧ ಹರಿ. ಇಬ್ಬರ ಗುರುತೂ ಅಳಿಸಿಲ್ಲ.

ಹಾಗಾಗಿ ಈ ಕೆಲಸ ನವೆಂಬರ್ 1ಕ್ಕೆ ಮುಗಿಯಲಿಲ್ಲ. ಹಿಂದುಳಿದ ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸೌಲಭ್ಯ ಕೊಡುವ 371ಜೆ ವಿಧಿಯನ್ನು ಸಂವಿಧಾನದಲ್ಲಿ ಸೇರಿಸಿದ್ದು ಅರ್ಧ ಶತಮಾನ ಕಳೆದ ಮೇಲೆ. ಆ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕ ಆಗಿದ್ದು 2019ರಲ್ಲಿ. ನಿಜಲಿಂಗಪ್ಪನವರ ಹರಪನಹಳ್ಳಿಯನ್ನು 1997ರಲ್ಲಿ ನಮ್ಮ ದಾವಣಗೆರೆ ಜಿಲ್ಲೆಗೆ ಸೇರಿಸಿದ್ದರು. 371ಜೆ ಸೌಲಭ್ಯ ನಮಗೂ ಬೇಕು ಅಂತ ಅಲ್ಲಿನ ಜನ ಹೋರಾಡಿದರು. 2018ರಲ್ಲಿ ತಾಲೂಕು ಮತ್ತೆ ಬಳ್ಳಾರಿಗೆ ಹೋಯಿತು. ಈಗ ಅದು ವಿಜಯನಗರ ಜಿಲ್ಲೆಯಲ್ಲಿದೆ.