ಉಸಿರಾಡುವ ಹೆಡ್‌ಲೈಟು

"ಅಣ್ಣಾ, ರಾತ್ರಿ ಹೊತ್ತು ಹೆಡ್‌ಲೈಟು ಉಸಿರಾಡುತ್ತದೆ" ಎಂದ ಹುಡುಗ. ಕಾಯಿಲೆಯನ್ನು ಇಷ್ಟು ಸರಿಯಾಗಿ ಹೇಳುವ ಗಿರಾಕಿಗಳು ಅಪರೂಪ. ಹೆಚ್ಚಿನವರು "ಕರೆಂಟು ಸರಿಯಿಲ್ಲ, ನೋಡಿ" ಎಂದು ಕೀಲಿ ಕೊಟ್ಟು ಟೀ ಅಂಗಡಿಗೆ ಹೋಗಿಬಿಡುತ್ತಾರೆ. ಇವನು ಮುಳಬಾಗಿಲು ಕಡೆಯ ತೋಟಗಳಿಂದ ಟೊಮೆಟೊ ಕ್ರೇಟು ತುಂಬಿಕೊಂಡು ಬೆಳಕು ಹರಿಯುವ ಮುಂಚೆ ಕೋಲಾರದ ಎಪಿಎಂಸಿಗೆ ಮುಟ್ಟಿಸುವವನು. ದುಡಿಮೆಯೆಲ್ಲ ಕತ್ತಲಲ್ಲಿ. ಗಾಡಿ 14 ವರ್ಷದ ಹಳೆಯ ಡೀಸೆಲ್ ಪಿಕಪ್. ಬೆಳಕು ಹಿಗ್ಗುತ್ತದೆ, ಕುಗ್ಗುತ್ತದೆ. ಹಂಪ್ ಹಾರಿದರೆ ಒಂದು ಗಳಿಗೆ ಕಣ್ಣು ಮುಚ್ಚಿ ತೆರೆದಂತಾಗುತ್ತದೆ. ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಅವನೇ ಚುಚ್ಚಿಕೊಂಡಿದ್ದ ಅಗ್ಗದ ವೋಲ್ಟ್‌ಮೀಟರಿನಲ್ಲಿ ಅಂಕಿ 12.8ಕ್ಕೂ 14ಕ್ಕೂ ನಡುವೆ ಓಡಾಡುತ್ತಿತ್ತು.

ನನ್ನ ಶೆಡ್ಡಿಗೆ ಬರುವ ಹೊತ್ತಿಗೆ ಬ್ಯಾಟರಿ ಹೊಸದಾಗಿತ್ತು. ಆಲ್ಟರ್ನೇಟರ್, ಅಂದರೆ ಎಂಜಿನ್ ಓಡುವಾಗ ಕರೆಂಟು ಹುಟ್ಟಿಸಿ ಬ್ಯಾಟರಿ ತುಂಬಿಸುವ, ನಮ್ಮ ಕಡೆ ಇಂದಿಗೂ ಡೈನಮೋ ಎಂದೇ ಕರೆಸಿಕೊಳ್ಳುವ ವಸ್ತು, ಎರಡು ಸಲ ಬದಲಾಗಿತ್ತು. ಆದರೂ ಬೆಳಗ್ಗೆ ಸೆಲ್ಫ್, ಅಂದರೆ ಎಂಜಿನ್ ತಿರುಗಿಸಿ ಚಾಲೂ ಮಾಡುವ ಮೋಟಾರು, ಭಾರ. ಮಾತಿಗೆ ಮಾತು ಬಂದಾಗ ಇನ್ನೊಂದನ್ನೂ ಹೇಳಿದ: ಆರು ತಿಂಗಳಲ್ಲಿ ಆಕ್ಸಿಲರೇಟರ್ ಕೇಬಲ್ ಎರಡು ಸಲ ಬಿಗಿದುಕೊಂಡು ಹಾಳಾಗಿದೆಯಂತೆ. ಅದನ್ನು ಅವನು ಬೇರೆಯೇ ಖಾತೆಗೆ ಬರೆದಿದ್ದ. ನನ್ನ ಕಿವಿ ನಿಮಿರಿದ್ದು ಅಲ್ಲಿಯೇ.

ಮೊದಲು ಅಳತೆ. ಎಂಜಿನ್ ನಿಲ್ಲಿಸಿ ಸಾಕಷ್ಟು ಹೊತ್ತು ಬಿಟ್ಟ ಮೇಲೆ ಬ್ಯಾಟರಿಯ ಕಂಬಗಳ ಮೇಲೆ 12.5 ವೋಲ್ಟ್ ಸಿಕ್ಕಿತು. ಸೀಸ ಮತ್ತು ಆಮ್ಲದ ಬ್ಯಾಟರಿಯೊಳಗೆ ಆರು ಕೋಶಗಳಿರುತ್ತವೆ, ಪೂರ್ತಿ ತುಂಬಿದಾಗ ಒಂದೊಂದಕ್ಕೆ ಸುಮಾರು 2.1 ವೋಲ್ಟ್, ಒಟ್ಟು 12.6. 12.2ಕ್ಕೆ ಇಳಿದರೆ ಅರ್ಧ ಖಾಲಿ ಎಂದು ತಿಳಿಯಬೇಕು. 12ಕ್ಕಿಂತ ಕೆಳಗಿದ್ದರೆ ಹೊರಗಿನಿಂದ ಚಾರ್ಜ್ ಮಾಡದೆ ಬೇರೆ ಯಾವ ಪರೀಕ್ಷೆಯನ್ನೂ ನಾನು ಮಾಡುವುದಿಲ್ಲ. ಹಸಿದ ಬ್ಯಾಟರಿಯನ್ನು ಇಟ್ಟುಕೊಂಡು ಡೈನಮೋದ ಮೇಲೆ ತೀರ್ಪು ಕೊಟ್ಟರೆ ತೀರ್ಪು ತಪ್ಪುತ್ತದೆ.

ಬ್ಯಾಟರಿ ಚೆನ್ನಾಗಿತ್ತು. ಎಂಜಿನ್ ಚಾಲೂ ಮಾಡಿ, ಹೆಡ್‌ಲೈಟು, ವೈಪರು, ಫ್ಯಾನು ಎಲ್ಲವನ್ನೂ ಹಾಕಿ, ಆಕ್ಸಿಲರೇಟರನ್ನು ಸ್ವಲ್ಪ ಒತ್ತಿ ಹಿಡಿದುಕೊಳ್ಳಲು ಹುಡುಗನಿಗೆ ಹೇಳಿದೆ. ಬ್ಯಾಟರಿಯ ಮೇಲೆ 13.5, ಆಗಾಗ 13.2. ಅದೇ ಹೊತ್ತಿನಲ್ಲಿ ಡೈನಮೋದ ಹಿಂದಿನ ದಪ್ಪ ಬೋಲ್ಟಿಗೂ ಅದರ ಮೈಗೂ ಮೀಟರಿನ ಕಡ್ಡಿಗಳನ್ನು ಮುಟ್ಟಿಸಿದರೆ 14.2, ಅಲುಗಾಟವೇ ಇಲ್ಲ. ಡೈನಮೋ ತನ್ನ ಕೆಲಸವನ್ನು ಮಾಡುತ್ತಿತ್ತು. ಹೊರಟ ಸರಕು ಮಂಡಿಗೆ ಬರುವಷ್ಟರಲ್ಲಿ ತೂಕ ಕಡಿಮೆಯಾಗುತ್ತಿತ್ತು, ಅಷ್ಟೆ. ದಾರಿಯಲ್ಲಿ ಎಲ್ಲಿ ಸೋರುತ್ತಿದೆ ಎಂದು ಹುಡುಕಬೇಕು.

ಹೀಗೆ ಹುಡುಕಲು ಒಂದು ಅಳತೆಯಿದೆ. ಅದನ್ನು ಕಲಿತ ಮೇಲೆ ನನ್ನ ವೃತ್ತಿಯೇ ಬದಲಾಯಿತು ಎನ್ನಬಹುದು. ಮೀಟರನ್ನು ಡಿಸಿ ವೋಲ್ಟಿನಲ್ಲಿಟ್ಟು ಒಂದು ಕಡ್ಡಿಯನ್ನು ಡೈನಮೋದ ದಪ್ಪ ಬೋಲ್ಟಿಗೆ, ಇನ್ನೊಂದನ್ನು ಬ್ಯಾಟರಿಯ ಪ್ಲಸ್ ಕಂಬಕ್ಕೆ ಮುಟ್ಟಿಸಬೇಕು. ಎಂಜಿನ್ ಓಡುತ್ತಿರಬೇಕು, ದೀಪಗಳು ಉರಿಯುತ್ತಿರಬೇಕು. ಅಲ್ಲಿ ಕಾಣುವುದು ಆ ದಾರಿಯಲ್ಲಿ ಕಳೆದುಹೋಗುತ್ತಿರುವ ವೋಲ್ಟೇಜ್. 0.2 ದಾಟಬಾರದು; ಹಳೆಯ ಗಾಡಿಯಾದರೆ 0.3ರವರೆಗೆ ಕ್ಷಮಿಸುತ್ತೇನೆ. ಇಲ್ಲಿ 0.1 ಇತ್ತು. ನಂತರ ಡೈನಮೋದ ಮೈಗೂ ಬ್ಯಾಟರಿಯ ಮೈನಸ್ ಕಂಬಕ್ಕೂ. 0.6! ಎಂಜಿನ್ ಸ್ವಲ್ಪ ನಡುಗಿದರೆ 0.9.

ಎಂಜಿನ್ನಿಗೂ ಚಾಸಿಗೂ ನಡುವೆ ತಾಮ್ರದ ಹೆಣಿಗೆಯ ಒಂದು ಅರ್ಥಿಂಗ್ ಪಟ್ಟಿ ಇರುತ್ತದೆ. ಎಂಜಿನ್ ರಬ್ಬರ್ ಮೌಂಟಿಂಗುಗಳ ಮೇಲೆ ಕೂತಿರುವುದರಿಂದ ಕರೆಂಟು ಮರಳುವುದಕ್ಕೆ ಆ ಪಟ್ಟಿಯೇ ದಾರಿ. ಗಾಡಿಯ ಕೆಳಗೆ ಮಲಗಿ ನೋಡಿದೆ. ಪಟ್ಟಿ ಇತ್ತು, ಬೋಲ್ಟು ಬಿಗಿಯಾಗಿತ್ತು, ಎಲ್ಲವೂ ಅಂದವಾಗಿ ಕಪ್ಪಗೆ ಹೊಳೆಯುತ್ತಿತ್ತು. ಆ ಹೊಳಪೇ ರೋಗ. ಎಫ್‌ಸಿಗೆ, ಅಂದರೆ ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟಿಗೆ, ಹೋಗುವ ಮುಂಚೆ ಚಾಸಿಗೆ ಕಪ್ಪು ಬಣ್ಣ ಹೊಡೆಸಿದ್ದಾರೆ, ಪಟ್ಟಿಯನ್ನು ಬಿಚ್ಚಿ, ಬಣ್ಣ ಒಣಗಿದ ಮೇಲೆ ಅದರ ಮೇಲೆಯೇ ಲಗ್, ಅಂದರೆ ಪಟ್ಟಿಯ ತುದಿಯ ಲೋಹದ ಬಳೆ, ಕೂರಿಸಿ ಬಿಗಿದಿದ್ದಾರೆ. ಬೋಲ್ಟಿನ ಥ್ರೆಡ್ಡುಗಳಲ್ಲಿ ಎಲ್ಲೋ ಒಂದಿಷ್ಟು ಲೋಹ ಲೋಹಕ್ಕೆ ತಾಗಿಕೊಂಡಿದೆ. ಗಾಡಿ ನಿಂತಿದ್ದಾಗ ಅದು ಸಾಲುತ್ತದೆ, ಅಲುಗಿದಾಗ ಸಾಲುವುದಿಲ್ಲ.

ಆಕ್ಸಿಲರೇಟರ್ ಕೇಬಲ್ಲಿನ ಕಥೆಯೂ ಇಲ್ಲಿಗೇ ಬಂದು ಸೇರಿತು. ಸೆಲ್ಫ್ ತಿರುಗುವಾಗ ನೂರಾರು ಆಂಪಿಯರ್ ಕರೆಂಟು ಹರಿಯುತ್ತದೆ. ಹೆದ್ದಾರಿ ಮುಚ್ಚಿದರೆ ಅದು ಗಲ್ಲಿ ಹುಡುಕುತ್ತದೆ. ಎಂಜಿನ್ನನ್ನೂ ಬಾಡಿಯನ್ನೂ ಜೋಡಿಸುವ ಉಕ್ಕಿನ ಕೇಬಲ್ಲುಗಳೇ ಆ ಗಲ್ಲಿಗಳು: ಆಕ್ಸಿಲರೇಟರ್, ಕೆಲವು ಗಾಡಿಗಳಲ್ಲಿ ಕ್ಲಚ್. ತಂತಿ ಕಾಯುತ್ತದೆ, ಒಳಗಿನ ಪ್ಲಾಸ್ಟಿಕ್ ಕೊಳವೆ ಕರಗುತ್ತದೆ, ಕೇಬಲ್ ಕಚ್ಚಿಕೊಳ್ಳುತ್ತದೆ. ಸೆಲ್ಫ್ ಹೊಡೆದ ಕೂಡಲೇ ಕೇಬಲ್ ಮುಟ್ಟಿ ನೋಡಿ ಬೆಚ್ಚಗಿದ್ದರೆ ಮೀಟರೇ ಬೇಕಾಗಿಲ್ಲ.

ಹಿಂದಿನ ಎಲೆಕ್ಟ್ರಿಷಿಯನ್ ಈ ಪಟ್ಟಿಯನ್ನು ಪರೀಕ್ಷೆ ಮಾಡಿರಲಿಲ್ಲವೇ? ಮಾಡಿದ್ದರಂತೆ. ಎಂಜಿನ್ ಆರಿಸಿ, ಮೀಟರನ್ನು ಬೀಪ್ ಮಾಡುವ ಜಾಗಕ್ಕೆ ತಿರುಗಿಸಿ ಮುಟ್ಟಿಸಿದ್ದಾರೆ, ಬೀಪ್ ಬಂದಿದೆ, ಸರಿ ಎಂದಿದ್ದಾರೆ. ಅವರನ್ನು ಆಡಿಕೊಳ್ಳುವುದಿಲ್ಲ, ನಾನೂ ವರ್ಷಗಟ್ಟಲೆ ಹಾಗೆಯೇ ಮಾಡಿದವನು. ಲೆಕ್ಕ ಹಾಕಿದರೆ ತಪ್ಪು ಗೊತ್ತಾಗುತ್ತದೆ. 30 ಆಂಪಿಯರ್ ಹರಿಯುವಾಗ 0.6 ವೋಲ್ಟ್ ಕಳೆಯುತ್ತದೆ ಎಂದರೆ ಅಲ್ಲಿರುವ ತಡೆ 0.02 ಓಮ್. ಸಾಧಾರಣ ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿದರೆ ಆ ವೈರುಗಳೇ 0.2 ಓಮ್ ತೋರಿಸುತ್ತವೆ. ತಕ್ಕಡಿಯ ತಟ್ಟೆಯ ತೂಕವೇ ಒಡವೆಯ ಹತ್ತು ಪಟ್ಟು. ನೂರು ಎಳೆಗಳ ದಪ್ಪ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ಅರ್ಥಿಂಗನ್ನು ಕರೆಂಟು ಹರಿಯುವಾಗಲೇ ಅಳೆಯಬೇಕು.

ಅರ್ಧ ವೋಲ್ಟು ಹೋದರೆ ಏನು ಮಹಾ ಎನ್ನುವವರಿದ್ದಾರೆ. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ಶೇ. 5ರಷ್ಟು ಇಳಿದರೆ ಬೆಳಕು ಸುಮಾರು ಶೇ. 15ರಷ್ಟು ಇಳಿಯುತ್ತದೆ. ಇನ್ನು ಬ್ಯಾಟರಿ: ಅದಕ್ಕೆ 13.8ರಿಂದ 14.5ರವರೆಗೆ ಸಿಗಬೇಕು. 13.2ರಲ್ಲಿ ಅದು ಬದುಕಿರುತ್ತದೆ, ಹೊಟ್ಟೆ ತುಂಬುವುದಿಲ್ಲ. ಅರೆಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಇದ್ದರೆ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಹೊಸ ಬ್ಯಾಟರಿಯೇ "ಡೂಪ್ಲಿಕೇಟ್" ಎಂಬ ಬೈಗುಳ ತಿನ್ನುತ್ತದೆ.

ಎಲ್ಲ ಕುಣಿತವೂ ಅರ್ಥಿಂಗಿನದೇ ಅಲ್ಲ. ದೀಪ ಹಾಕಿದ ಕೂಡಲೇ ಕೀಚಲು ಸದ್ದಿನೊಡನೆ ವೋಲ್ಟೇಜ್ ಬಿದ್ದು, ಮಳೆ ಬಂದ ದಿನ ಇನ್ನಷ್ಟು ಬಿದ್ದರೆ ಡೈನಮೋ ತಿರುಗಿಸುವ ಬೆಲ್ಟು ಜಾರುತ್ತಿದೆ. ಒಳಬದಿ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬಿಗಿ ಮಾಡಿ ಪ್ರಯೋಜನವಿಲ್ಲ, ಬದಲಾಯಿಸಿ.

ಡೈನಮೋದ ಒಳಗಿನ ರೋಗಗಳಲ್ಲಿ ನಮ್ಮ ಡೀಸೆಲ್ ಪಿಕಪ್‌ಗಳಿಗೇ ಅಂಟಿಕೊಂಡಿರುವ ಒಂದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಗಾಡಿಗಳಲ್ಲಿ ಅನೇಕಕ್ಕೆ ಬ್ರೇಕಿನ ಪೆಡಲನ್ನು ಹಗುರ ಮಾಡುವ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ ಪಂಪು ಡೈನಮೋದ ಬೆನ್ನಿಗೇ ಕೂತಿರುತ್ತದೆ, ಒಂದೇ ಶಾಫ್ಟಿನಲ್ಲಿ ತಿರುಗುತ್ತದೆ. ಪಂಪಿಗೆ ಎಂಜಿನ್ ಆಯಿಲ್ ಒಂದು ಸಣ್ಣ ಕೊಳವೆಯಲ್ಲಿ ಬರುತ್ತದೆ. ನಡುವಿನ ಆಯಿಲ್ ಸೀಲ್ ವಯಸ್ಸಾಗಿ ಗಡುಸಾಯಿತೆಂದರೆ ಆಯಿಲ್ ಒಳಗೆ ಇಳಿಯುತ್ತದೆ, ತಿರುಗುವ ರೋಟರಿಗೆ ಕರೆಂಟು ಮುಟ್ಟಿಸುವ ಕಾರ್ಬನ್‌ಗಳ ಪುಡಿಯೊಡನೆ ಕಲಸಿ ಕಣ್ಣಿನ ಕಾಡಿಗೆಯಂಥ ಪೇಸ್ಟ್ ಆಗಿ, ಅವು ಉಜ್ಜಿಕೊಂಡಿರುವ ಸ್ಲಿಪ್ ರಿಂಗುಗಳಿಗೆ ಮೆತ್ತಿಕೊಳ್ಳುತ್ತದೆ. ಕಾರ್ಬನ್ ರಿಂಗನ್ನು ಕಚ್ಚದೆ ಜಾರುತ್ತದೆ. ರೋಟರಿಗೆ ಕರೆಂಟು ಹೋಗುತ್ತದೆ, ನಿಲ್ಲುತ್ತದೆ. ಆಗ ಮೀಟರು ನಿಧಾನವಾಗಿ ಉಸಿರಾಡುವುದಿಲ್ಲ, 14.2ರಿಂದ 12.4ಕ್ಕೆ ದುಡುಂ ಎಂದು ಬಿದ್ದು ಮತ್ತೆ ಏಳುತ್ತದೆ. ಇದನ್ನು ಡೈನಮೋದ ಮೈಮೇಲೆ ಅಳೆದರೂ ಕಾಣಬಹುದು. ಅರ್ಥಿಂಗಿನ ದೋಷಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅದೇ.

ಇಂಥ ಡೈನಮೋಗೆ ಕಾರ್ಬನ್ ಮಾತ್ರ ಹಾಕಿ ಕಳಿಸಿದರೆ ಗಿರಾಕಿ ಬೇಗನೆ ಮರಳಿ ಬರುತ್ತಾನೆ. ಸೀಲ್ ಬದಲಾಗಬೇಕು, ಆಯಿಲ್ ವಾಪಸು ಹೋಗುವ ಕೊಳವೆ ಕಟ್ಟಿಲ್ಲ ಎಂದು ನೋಡಬೇಕು, ರಿಂಗುಗಳನ್ನು ನಯವಾದ ಮರಳು ಕಾಗದದಿಂದ ಉಜ್ಜಬೇಕು. ಇನ್ನೊಂದು ಮಾತು: "ಹಗಲಿನಲ್ಲಿ ಹೇಗೂ ಲೈಟು ಬೇಡ, ಬೆಲ್ಟು ಬಿಚ್ಚಿ ಊರು ಮುಟ್ಟಿಸುತ್ತೇನೆ" ಎನ್ನುವ ಚಾಲಕರಿದ್ದಾರೆ. ಇಂಥ ಗಾಡಿಯಲ್ಲಿ ಬೆಲ್ಟು ಹೋದರೆ ಬ್ರೇಕಿನ ಸಹಾಯವೂ ಹೋಗುತ್ತದೆ. ತುಂಬಿದ ಗಾಡಿಯ ಪೆಡಲು ಕಲ್ಲಾಗುತ್ತದೆ. ಬೇಡ.

ಡೈನಮೋದೊಳಗೆ ಎಸಿ ಕರೆಂಟನ್ನು ಡಿಸಿ ಮಾಡುವ ಡಯೋಡ್ ಸುಟ್ಟಿದ್ದರೆ ಗುರುತು ಬೇರೆ. ಅಂಕಿ ಹೆಚ್ಚು ಕುಣಿಯುವುದಿಲ್ಲ. ಬೆಳಕು ಸಣ್ಣಗೆ ನಡುಗುತ್ತದೆ, ಸ್ಟೀರಿಯೋದಲ್ಲಿ ಎಂಜಿನ್ನಿನ ಜೊತೆ ಏರಿಳಿಯುವ ಗುಂಯ್ ಸದ್ದು. ಮೀಟರನ್ನು ಎಸಿಗೆ ತಿರುಗಿಸಿ ಬ್ಯಾಟರಿಯ ಮೇಲೆ ಇಟ್ಟರೆ ಒಳ್ಳೆಯ ಡೈನಮೋ 0.1ಕ್ಕಿಂತ ಕಡಿಮೆ ತೋರಿಸುತ್ತದೆ. ಅರ್ಧ ವೋಲ್ಟು ಕಂಡರೆ ಬಿಚ್ಚಿ. ಎಂಜಿನ್ ಏರಿದಂತೆ 15 ದಾಟಿ ಹೋಗಿ, ಬ್ಯಾಟರಿಯ ನೀರು ಬೇಗ ಬೇಗ ಒಣಗಿ, ಬಲ್ಬುಗಳು ಸಾಲಾಗಿ ಸುಡುತ್ತಿದ್ದರೆ ವೋಲ್ಟೇಜನ್ನು ಹದ್ದಿನಲ್ಲಿಡುವ, ನಾವು ಕಟೌಟ್ ಎನ್ನುವ ರೆಗ್ಯುಲೇಟರಿನ ಮೇಲೆ ಅನುಮಾನ ಪಡಬೇಕು.

ಚಳಿಗಾಲದ ಬೆಳಗ್ಗೆ ಚಾಲೂ ಮಾಡಿದ ಮೊದಲ ಒಂದೆರಡು ನಿಮಿಷ ಮಾತ್ರ ಬೆಳಕು ಏಳುಬೀಳಾದರೆ ಹೆದರಬೇಡಿ. ಕೆಲವು ಡೀಸೆಲ್ ಎಂಜಿನ್‌ಗಳನ್ನು ಒಳಗಿನಿಂದ ಬಿಸಿ ಮಾಡುವ ಹೀಟರ್ ಪ್ಲಗ್‌ಗಳು ಆಗಲೂ ಕರೆಂಟು ಎಳೆಯುತ್ತಿರುತ್ತವೆ. ಈಚಿನ ಅನೇಕ ಗಾಡಿಗಳಲ್ಲಂತೂ ಇಂಧನ ಉಳಿಸಲು ಕಂಪ್ಯೂಟರೇ ವೋಲ್ಟೇಜನ್ನು ಬೇಕೆಂದೇ ಇಳಿಸಿ ಏರಿಸುತ್ತದೆ. ನಾನು ಇಲ್ಲಿ ಕೊಟ್ಟ ಅಂಕಿಗಳನ್ನು ಹಿಡಿದುಕೊಂಡು ಹೊಸ ಗಾಡಿಯ ಡೈನಮೋ ಬಿಚ್ಚಬೇಡಿ.

ಒಂದು ಕೆಟ್ಟ ಚಾಳಿಯ ಬಗ್ಗೆ ಮಾತ್ರ ನಾನು ಕೋಪ ಮಾಡಿಕೊಳ್ಳುತ್ತೇನೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಕಿತ್ತು "ನೋಡಿ, ಗಾಡಿ ನಿಲ್ಲಲಿಲ್ಲ, ಡೈನಮೋ ಸರಿಯಿದೆ" ಎಂದು ತೋರಿಸುವುದು. ಡಯೋಡ್ ಇಲ್ಲದ ನಿಜವಾದ ಡೈನಮೋಗಳ ಕಾಲದಿಂದ ಬಂದ ಪರೀಕ್ಷೆ ಇದು. ಡೈನಮೋ ಸುರಿಯುವ ಕರೆಂಟನ್ನು ತಡೆದುಕೊಳ್ಳುವ ಕೆರೆ ಎಂದರೆ ಬ್ಯಾಟರಿ. ಕೆರೆಯನ್ನೇ ತೆಗೆದರೆ ಆ ಕ್ಷಣದಲ್ಲಿ ವೋಲ್ಟೇಜ್ ಹಲವು ಪಟ್ಟು ಚಿಮ್ಮುತ್ತದೆ. ಡಯೋಡು, ರೆಗ್ಯುಲೇಟರು, ಎಂಜಿನ್ನಿನ ಕಂಪ್ಯೂಟರಾದ ಇಸಿಎಂ ಯಾವುದು ಬೇಕಾದರೂ ಸಾಯಬಹುದು. ಮೇಲಾಗಿ ಚಾರ್ಜ್ ಆಗುವ ಬ್ಯಾಟರಿ ಹೈಡ್ರೋಜನ್ ಬಿಡುತ್ತಿರುತ್ತದೆ, ಟರ್ಮಿನಲ್ ಕೀಳುವಾಗ ಕಿಡಿ ಹಾರುತ್ತದೆ. ಮುಖ ಅದರ ಮೇಲೆಯೇ ಬಾಗಿರುತ್ತದೆ.

ಹುಡುಗನ ಗಾಡಿಗೆ ಮಾಡಿದ್ದು ಇಷ್ಟು. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿಟ್ಟೆ. ಲಗ್ ಕೂರುವ ಜಾಗದ ಬಣ್ಣವನ್ನು ರೂಪಾಯಿ ನಾಣ್ಯದಷ್ಟು ಅಗಲಕ್ಕೆ, ಬೆಳ್ಳಿಯಂತೆ ಉಕ್ಕು ಕಾಣುವವರೆಗೆ ಕೆರೆದೆ. ಹಳೆಯ ಪಟ್ಟಿಯ ಹೆಣಿಗೆ ಹಸಿರುಗಟ್ಟಿತ್ತು, ಹೊಸದನ್ನು ಹಾಕಿದೆ. ಹಲ್ಲಿನ ವಾಷರ್ ಇಟ್ಟು ಬಿಗಿದು, ಜೋಡಣೆಯಾದ ಮೇಲೆ ಮೇಲಿನಿಂದ ಗ್ರೀಸ್ ಸವರಿದೆ. ಹಾಗೆಯೇ ಎಂಜಿನ್ನಿನಿಂದ ಬ್ಯಾಟರಿಯ ಮೈನಸ್ಸಿಗೆ ನೇರವಾಗಿ ಇನ್ನೊಂದು ದಪ್ಪ ವೈರು ಎಳೆದೆ. ಮುಂದಿನ ಸಲ ಯಾರಾದರೂ ಬಣ್ಣ ಹೊಡೆದರೂ ಅದೊಂದು ಉಳಿದಿರಲಿ ಎಂದು. ದೀಪಗಳನ್ನೆಲ್ಲ ಹಾಕಿ ಮತ್ತೆ ಅಳೆದಾಗ ಮೈನಸ್ ಕಡೆಯ ನಷ್ಟ 0.05, ಬ್ಯಾಟರಿಯ ಮೇಲೆ 14.1.

"ಹಾಗಾದರೆ ಬಿಚ್ಚಿಸಿದ ಎರಡು ಡೈನಮೋಗಳಿಗೂ ಏನೂ ಆಗಿರಲಿಲ್ಲವೇ ಅಣ್ಣಾ?" ಎಂದ. ಮೊದಲನೆಯದನ್ನು ಗುಜರಿಗೆ ಹಾಕಿದ್ದನಂತೆ. ಎರಡನೆಯದು ಸೀಟಿನ ಹಿಂದೆ ಗೋಣಿಚೀಲದಲ್ಲಿತ್ತು. ಬೆಂಚಿನ ಮೇಲೆ ಓಡಿಸಿ ನೋಡಿದೆ: 14.3. ಮತ್ತೆ ಗೋಣಿಚೀಲಕ್ಕೆ ತುಂಬಿ, ಜೋಪಾನವಾಗಿಡು ಎಂದು ಅವನ ಕೈಗೇ ಕೊಟ್ಟೆ.