ಮೂರನೆಯ ಎಕರೆಯ ಲೆಕ್ಕ

ತೀರ್ಥಹಳ್ಳಿಯ ಸುತ್ತ ಮೊನ್ನೆಯವರೆಗೆ ಭತ್ತ ಬೆಳೆಯುತ್ತಿದ್ದ ಎಷ್ಟೋ ಗದ್ದೆಗಳಲ್ಲಿ ಈಗ ಅಡಿಕೆ ಸಸಿಗಳಿವೆ. ನಡುವೆ ಒಂದು ಮನೆಯವರು ಮಾತ್ರ ಎರಡು ಎಕರೆ ತೋಟದ ಪಕ್ಕದ ಮೂರನೆಯ ಎಕರೆಯಲ್ಲಿ ಭತ್ತವನ್ನೇ ನಾಟಿ ಮಾಡಿದ್ದಾರೆ ಎನ್ನಿ. ಅಡಿಕೆಯಲ್ಲಿ ದುಡ್ಡು ಹೆಚ್ಚೆಂದು ಅವರಿಗೆ ಗೊತ್ತಿಲ್ಲವೇ?

ಚೆನ್ನಾಗಿ ಗೊತ್ತಿದೆ. ಆದರೆ ಮನೆಗೆ ಅನ್ನ, ಕೊಟ್ಟಿಗೆಗೆ ಹುಲ್ಲು ಬೇಕು. ಬೇಸಿಗೆಯಲ್ಲಿ ನೀರು ಸಾಲದು. ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗಾರರು ಬೇಕೆಂದಾಗ ಸಿಗುವುದಿಲ್ಲ. ಕೊಳೆರೋಗದ ಭಯ ಬೇರೆ. ಇದಾವುದೂ ಖರ್ಚಿನ ಪುಸ್ತಕದಲ್ಲಿ ಇರುವುದಿಲ್ಲ. ಹಾಗಾಗಿಯೇ, ಸರ್ಕಾರದ ನೀತಿ ಬದಲಾದರೆ ರೈತರು ಏನು ಬೆಳೆದಾರು ಎಂದು ಲೆಕ್ಕ ಹಾಕುವ ಹಳೆಯ ಗಣಿತ ಎಡವುತ್ತಿತ್ತು. ನೆಲ, ನೀರು, ಬೆಲೆಗಳನ್ನು ಕೊಟ್ಟು ಗರಿಷ್ಠ ಲಾಭ ಕೇಳಿದರೆ, ಅದು ಇಡೀ ಊರನ್ನು ಒಂದೆರಡು ಬೆಳೆಗೆ ಒಪ್ಪಿಸಿಬಿಡುತ್ತಿತ್ತು.

1995ರಲ್ಲಿ ಕ್ಯಾಲಿಫೋರ್ನಿಯಾದ ಅರ್ಥಶಾಸ್ತ್ರಜ್ಞ ರಿಚರ್ಡ್ ಹೋವಿಟ್ ಪ್ರಕಟಿಸಿದ ವಿಧಾನ ಈ ಲೆಕ್ಕವನ್ನು ಹಿಂದುಮುಂದಾಗಿಸಿತು. ರೈತ ಈಗ ಬೆಳೆದಿರುವುದೇ ಸಾಕ್ಷಿ. ಮೂರನೆಯ ಎಕರೆ ಭತ್ತದಲ್ಲೇ ಉಳಿದಿದೆಯೆಂದರೆ, ಅದನ್ನು ತೋಟ ಮಾಡುವುದರಲ್ಲಿ ನಮಗೆ ಕಾಣದ ವೆಚ್ಚವೊಂದಿದೆ. ಅದೆಷ್ಟೆಂದು ಆ ಆಯ್ಕೆಯಿಂದಲೇ ಅಂದಾಜಿಸಿ, ಎಕರೆ ಹೆಚ್ಚಿದಂತೆ ಏರುವ ವೆಚ್ಚವಾಗಿ ಸಮೀಕರಣದಲ್ಲಿ ಸೇರಿಸುತ್ತಾರೆ. ಆಮೇಲೆ ಬೆಲೆ ಬದಲಿಸಿ ನೋಡಿದರೆ ಬೆಳೆಗಳ ವಿಸ್ತೀರ್ಣ ಒಮ್ಮೆಲೇ ಹಾರದೆ ಸ್ವಲ್ಪ ಸ್ವಲ್ಪವೇ ಸರಿಯುತ್ತದೆ. ರೈತನ ವಿವೇಕಕ್ಕೆ ಗಣಿತ ತೋರಿದ ಈ ಗೌರವ ನನಗೆ ಬಹಳ ಇಷ್ಟ.

ಆದರೂ ಮಲೆನಾಡಿನ ಮಟ್ಟಿಗೆ ನನ್ನದೊಂದು ತಕರಾರಿದೆ. 2023ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ, ಹೊರದೇಶದ ಅಗ್ಗದ ಅಡಿಕೆ ಒಳಬರದಂತೆ ತಡೆಯುವ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಇಂಥ ಆದೇಶದಿಂದ ಧಾರಣೆ ಚೇತರಿಸಿಕೊಂಡರೆ, ಫಸಲು ಬರುವ ತೋಟ ಇದ್ದವರಿಗೆ ಲಾಭ ಅದೇ ಹಂಗಾಮಿನಲ್ಲಿ. ಅದನ್ನು ನಂಬಿ ಸಸಿ ನೆಟ್ಟವರು ಐದಾರು ವರ್ಷ ಕಾಯಬೇಕು. ಅವರ ಮೊದಲ ಫಸಲು ಮಂಡಿಗೆ ಬರುವ ಹೊತ್ತಿಗೆ ನೆರೆಯವರ ಹೊಸ ತೋಟದ ಅಡಿಕೆಯೂ ಅಲ್ಲಿಗೇ ಬಂದಿರುತ್ತದೆ. ಜಿಲ್ಲೆಯ ಸರಾಸರಿ ಆದಾಯದ ಮುನ್ನಂದಾಜಿನಲ್ಲಿ ಇವರಿಬ್ಬರೂ ಒಂದೇ ಅಂಕಿಯಾಗಿ ಕರಗುತ್ತಾರೆ. ಕಾಯುವ ಶಕ್ತಿ ಇರುವವರನ್ನೂ ಇಲ್ಲದವರನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಲೇಬೇಕು.

ಇನ್ನೂ ದೊಡ್ಡ ತೊಡಕು ಹಿಂದಿರುಗುವುದರಲ್ಲಿದೆ. ಸರಳ ರೂಪದ ಇಂಥ ಸಮೀಕರಣದಲ್ಲಿ ಬೆಲೆ ಇಳಿದರೆ, ಗದ್ದೆ ತೋಟವಾದಷ್ಟೇ ಸಲೀಸಾಗಿ ತೋಟ ಮತ್ತೆ ಗದ್ದೆಯಾಗುತ್ತದೆ. ನೆಲದಲ್ಲಿ ಹಾಗಾಗುವುದಿಲ್ಲ. ಬದು ಒಡೆದು, ಮಣ್ಣು ತುಂಬಿ, ಬಸಿಗಾಲುವೆ ತೆಗೆದ ಮೇಲೆ ಆ ಮೂರನೆಯ ಎಕರೆಯಲ್ಲಿ ಮತ್ತೆ ನೀರು ನಿಲ್ಲಿಸಲು ಎಷ್ಟು ಆಳು, ಎಷ್ಟು ದಿನ ಬೇಕೆಂಬ ಅಂಕಿಯನ್ನೂ ಆ ಲೆಕ್ಕಕ್ಕೆ ಸೇರಿಸಬೇಕು.