ಫಾರ್ಮುಲಾ ಬರೆಯುವ ಮುನ್ನ ಪರದೆಯ ಎಡಮೂಲೆ ನೋಡಿ

ಗಂಗಾವತಿ, ಸಿಂಧನೂರು ಕಡೆ ಭತ್ತದ ದರ ಹೇಳುವುದು 75 ಕಿಲೋ ಚೀಲಕ್ಕೆ. ಒಟ್ಟು ತೂಕವನ್ನು 75ರಿಂದ ಭಾಗಿಸಿ ದರದಿಂದ ಗುಣಿಸಿದರೆ ಪಟ್ಟಿಯ ಮೊತ್ತ ಬಂತು. ಅಡತಿ ಅಂಗಡಿಯ ಗುಮಾಸ್ತರು ಎಕ್ಸೆಲ್‌ನಲ್ಲಿ ಇಷ್ಟನ್ನು ಸಲೀಸಾಗಿ ಮಾಡುತ್ತಾರೆ. ಬಾಕಿ ಇರುವ ಸಾಲು ಕೆಂಪಾಗಲಿ ಎಂದು ಕಂಡೀಷನಲ್ ಫಾರ್ಮ್ಯಾಟಿಂಗ್ ತೆರೆದಾಗ ಪೇಚಾಟ ಶುರುವಾಗುತ್ತದೆ.

ಅಲ್ಲಿನ ಪುಟ್ಟ ಪೆಟ್ಟಿಗೆಯಲ್ಲಿ =$ಜಿ2>0 ಎಂದು ಬರೆದಿರಿ. ಬಾಕಿ ಮೊತ್ತ ಇರುವುದು ಎಚ್ ಕಾಲಂನಲ್ಲಿ, ಜಿ ಬದಲು ಎಚ್ ಆಗಬೇಕಿತ್ತು ಎಂದು ಎಡ ಬಾಣದ ಕೀಲಿ ಒತ್ತಿದರೆ ಕರ್ಸರ್ ಹಿಂದೆ ಸರಿಯುವುದಿಲ್ಲ. ಬರೆದದ್ದರ ಬಾಲಕ್ಕೆ ಯಾವುದೋ ಸೆಲ್ಲಿನ ವಿಳಾಸ ಅಂಟಿಕೊಳ್ಳುತ್ತದೆ. ಇನ್ನೊಮ್ಮೆ ಒತ್ತಿದರೆ ವಿಳಾಸ ಬದಲಾಗುತ್ತದೆ ಅಷ್ಟೆ. ಪೆಟ್ಟಿಗೆ ತೆರೆದಾಗ ಇರುವುದು ‘ಎಂಟರ್’ ಸ್ಥಿತಿ. ಅದರಲ್ಲಿ ಬಾಣದ ಕೀಲಿ ಒತ್ತಿದರೆ ಸೆಲ್ ಆರಿಸುತ್ತಿದ್ದೀರಿ ಎಂದೇ ತಂತ್ರಾಂಶ ತಿಳಿಯುತ್ತದೆ, ‘ಪಾಯಿಂಟ್’ ಸ್ಥಿತಿಗೆ ಹೋಗುತ್ತದೆ. ಎಫ್2 ಒತ್ತಿದರೆ ‘ಎಡಿಟ್’. ಆಗ ಬಾಣ ಅಕ್ಷರಗಳ ನಡುವೆ ಓಡಾಡುತ್ತದೆ. ಈಗ ಯಾವ ಸ್ಥಿತಿ ಎಂಬುದನ್ನು ಪರದೆಯ ಕೆಳಗೆ ಎಡಮೂಲೆಯಲ್ಲಿ ಸಣ್ಣಕ್ಷರದಲ್ಲಿ ತೋರಿಸುತ್ತಾರೆ. ಯಾರ ಕಣ್ಣಿಗೂ ಬೀಳದ ಜಾಗ, ಬಿಡಿ. ನಮೂದಿಗೆ ನಿಯಮ ಹಾಕುವ ಡೇಟಾ ವ್ಯಾಲಿಡೇಷನ್, ಸೆಲ್‌ಗಳಿಗೆ ಹೆಸರಿಡುವ ನೇಮ್ ಮ್ಯಾನೇಜರ್ ಪೆಟ್ಟಿಗೆಗಳಿಗೂ ಇದೇ ಮದ್ದು. ಲ್ಯಾಪ್‌ಟಾಪ್‌ನಲ್ಲಿ ಎಫ್2 ಒತ್ತಿದಾಗ ಪರದೆಯ ಬೆಳಕೋ ದನಿಯೋ ಹೆಚ್ಚುಕಡಿಮೆಯಾದರೆ ಜೊತೆಗೆ ಎಫ್ಎನ್ ಕೀಲಿಯನ್ನೂ ಹಿಡಿಯಿರಿ.

ಫಾರ್ಮುಲಾ ಸರಿಯಿದ್ದೂ ಬಣ್ಣ ತಪ್ಪು ಸಾಲಿಗೆ ಬಿದ್ದರೆ, ಸಾಲುಗಳನ್ನು ಯಾವ ಕಡೆಯಿಂದ ಆರಿಸಿದಿರಿ ನೋಡಿ. ವಿಳಾಸದ ಲೆಕ್ಕ ಹಿಡಿಯುವುದು ಆಯ್ಕೆ ಆರಂಭಿಸಿದ ಸೆಲ್ಲಿನಿಂದ. 500ನೇ ಸಾಲಿನಿಂದ ಮೇಲಕ್ಕೆ ಎಳೆದು $ಎಚ್2 ಎಂದು ಬರೆದರೆ 500ನೇ ಸಾಲು 2ನೆಯದನ್ನು ನೋಡುತ್ತದೆ, 499ನೆಯದು 1ನ್ನು, 498ನೆಯದು ಹಾಳೆಯ ತಳದ 10,48,576ನೇ ಸಾಲನ್ನು! 2ನೇ ಸಾಲಿನಿಂದ ಕೆಳಕ್ಕೆ ಎಳೆಯಿರಿ. ಎಚ್‌ನ ಮುಂದಿನ $ ಬಿಟ್ಟರೆ ಇಡೀ ಸಾಲಿನ ಬದಲು ಅಲ್ಲೊಂದು ಇಲ್ಲೊಂದು ಸೆಲ್ ಕೆಂಪಾಗುತ್ತದೆ.

ನನ್ನನ್ನು ಕೇಳಿದರೆ, ಆ ಪೆಟ್ಟಿಗೆಯಲ್ಲಿ ಫಾರ್ಮುಲಾ ಬರೆಯಲೇಬಾರದು. ಪಕ್ಕದ ಖಾಲಿ ಕಾಲಂನ 2ನೇ ಸಾಲಿನಲ್ಲಿ ಬರೆದು ಕೆಳಕ್ಕೆ ಎಳೆಯಿರಿ. ಬಾಕಿ ಇದ್ದಲ್ಲಿ ಟ್ರೂ, ಇಲ್ಲದಲ್ಲಿ ಫಾಲ್ಸ್ ಬಂದರೆ ಮೊದಲ ಸೆಲ್‌ಗೆ ಹೋಗಿ ಎಫ್2 ಒತ್ತಿ, ಅಕ್ಷರಗಳನ್ನೇ ಆರಿಸಿ ಕಾಪಿ ಮಾಡಿ, ಎಸ್ಕೇಪ್ ಒತ್ತಿ, ಪೆಟ್ಟಿಗೆಯಲ್ಲಿ ಪೇಸ್ಟ್ ಮಾಡಿ. ಡೇಟಾ ವ್ಯಾಲಿಡೇಷನ್ ಪೆಟ್ಟಿಗೆಗೆ 255 ಅಕ್ಷರಗಳ ಮಿತಿಯೂ ಇದೆ. ಸೆಲ್ಲಿನಲ್ಲಿ 8,192ರವರೆಗೆ ಬರೆಯಬಹುದು. ಉದ್ದದ ಫಾರ್ಮುಲಾ ಇದ್ದರೆ ಕಂಟ್ರೋಲ್ ಶಿಫ್ಟ್ ಯು ಒತ್ತಿ ಮೇಲಿನ ಫಾರ್ಮುಲಾ ಪಟ್ಟಿಯನ್ನು ಅಗಲಿಸಿಕೊಳ್ಳಿ, ಆಲ್ಟ್ ಎಂಟರ್‌ನಿಂದ ಸಾಲು ಮುರಿಯಿರಿ. ಆವರಣ ಎಲ್ಲೋ ತಪ್ಪಿ, ಎಕ್ಸೆಲ್ ಹೊರಗೆ ಬಿಡದೆ ಕಾಡಿದರೆ ಎಸ್ಕೇಪ್ ಒತ್ತಿ ಬರೆದದ್ದನ್ನೆಲ್ಲ ಕಳೆದುಕೊಳ್ಳಬೇಡಿ; = ಚಿಹ್ನೆಗಿಂತ ಮೊದಲು ಒಂಟಿ ಉದ್ಧರಣ ಚಿಹ್ನೆ ಹಾಕಿ ಎಂಟರ್ ಒತ್ತಿ. ಅದು ಬರಿಯ ಪಠ್ಯವಾಗಿ ಉಳಿಯುತ್ತದೆ, ಆಮೇಲೆ ಸಾವಕಾಶವಾಗಿ ತಿದ್ದಬಹುದು. ವರ್ಡ್‌ನಿಂದ ತಂದ ಫಾರ್ಮುಲಾದಲ್ಲಿ ಬಾಗಿದ ಉದ್ಧರಣ ಚಿಹ್ನೆಗಳಿರುತ್ತವೆ. ಅವು ನಡೆಯುವುದಿಲ್ಲ, ನೇರ ಚಿಹ್ನೆ ಬೇಕು.

ನಮ್ಮ ಕಡೆಯ ಕಡತಗಳಲ್ಲಿ ಇನ್ನೊಂದು ತೊಡಕಿದೆ: ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ. ಹಳೆಯ ನುಡಿ ಫಾಂಟ್‌ನಲ್ಲಿ ತುಂಬಿದ ಸೆಲ್ ಕನ್ನಡವಾಗಿ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಮೇಲಿನ ಫಾರ್ಮುಲಾ ಪಟ್ಟಿ ನೋಡಿದರೆ ಗುಟ್ಟು ರಟ್ಟಾಗುತ್ತದೆ. ಕಾಲಂನಲ್ಲಿ ಹಳೆಯ ನುಡಿಯ ‘ಉದ್ರಿ’ ಇದ್ದು, ಉದ್ರಿ ಮೊತ್ತ ಕೂಡಿಸುವ ಫಾರ್ಮುಲಾದಲ್ಲಿ ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ) ‘ಉದ್ರಿ’ ಬರೆದರೆ ಎಕ್ಸೆಲ್‌ಗೆ ಅವೆರಡೂ ಬೇರೆ. ದೋಷವೂ ತೋರಿಸದು, ಸುಮ್ಮನೆ ಸೊನ್ನೆ ಕೊಡುತ್ತದೆ. ಫಾರ್ಮುಲಾ ಇರುವ ಕಾಲಂಗೂ ನುಡಿ ಫಾಂಟ್ ಇದ್ದರೆ ಇನ್ನೂ ಫಜೀತಿ: ದೋಷದ ಇಂಗ್ಲಿಷ್ ಸೂಚನೆಯೇ ಅರ್ಥವಿಲ್ಲದ ಕನ್ನಡವಾಗಿ ಕಾಣುತ್ತದೆ, ದೋಷ ಬಂದಿದೆಯೆಂದೇ ತಿಳಿಯುವುದಿಲ್ಲ.

ಹಳೆಯ ಕಡತವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಲೆಕ್ಕದ ಕಾಲಂಗಳಿಗೆ ಸಾಮಾನ್ಯ ಫಾಂಟ್ ಕೊಡಿ. ಫಾರ್ಮುಲಾ ಬರೆಯುವಾಗ ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒತ್ತಿ ಇಂಗ್ಲಿಷ್ ಕೀಲಿಮಣೆಗೆ ಬನ್ನಿ. ಕನ್ನಡ ಪದವನ್ನು ಫಾರ್ಮುಲಾದೊಳಗೆ ಟೈಪ್ ಮಾಡಲೇಬೇಡಿ. ‘ಜಮಾ’, ‘ಉದ್ರಿ’ ಎರಡನ್ನೂ ಕೆ1, ಕೆ2 ಸೆಲ್‌ಗಳಲ್ಲಿ ಒಮ್ಮೆ ಬರೆದು, ಫಾರ್ಮುಲಾದಲ್ಲಿ $ಕೆ$2 ಎಂದು ತೋರಿಸಿ. $ ಹಾಕಲು ಎಫ್4 ಸಾಕು. ನಮೂದಿನ ಕಾಲಂಗೆ ಡೇಟಾ ವ್ಯಾಲಿಡೇಷನ್‌ನಲ್ಲಿ ಇವೇ ಎರಡು ಸೆಲ್‌ಗಳ ಲಿಸ್ಟ್ ಕೊಟ್ಟರೆ ಗುಮಾಸ್ತರು ಟೈಪ್ ಮಾಡದೆ ಆರಿಸುತ್ತಾರೆ. ಕೊನೆಯಲ್ಲಿ ಅಡಗಿದ ಸ್ಪೇಸ್, ಕಣ್ಣಿಗೆ ಕಾಣದ ಜೋಡಣಾ ಸಂಕೇತ ಇವುಗಳ ಕಾಟವೂ ಹೊಸ ನಮೂದುಗಳಲ್ಲಿ ಇರುವುದಿಲ್ಲ. ಲಿಸ್ಟ್ ಹಾಕುವ ಮುಂಚೆಯೇ ತುಂಬಿದ್ದ ಸಾಲುಗಳನ್ನು ಮಾತ್ರ ಎಕ್ಸೆಲ್ ತಾನಾಗಿ ತಡೆಯುವುದಿಲ್ಲ. ಡೇಟಾ ವ್ಯಾಲಿಡೇಷನ್ ಬಾಣದ ಕೆಳಗಿನ ‘ಸರ್ಕಲ್ ಇನ್‌ವ್ಯಾಲಿಡ್ ಡೇಟಾ’ ಒತ್ತಿದರೆ ಲಿಸ್ಟಿಗೆ ಹೊಂದದವುಗಳ ಸುತ್ತ ಕೆಂಪು ಸುತ್ತು ಬರುತ್ತದೆ; ಅವನ್ನು ಕೈಯಿಂದಲೇ ಮತ್ತೆ ಆರಿಸಬೇಕು.